ಮೊಳೆಗೆ ಹಾಕಿದ ಪಾದ

ಸಾಕ್ಷಿ ಇದ್ದರೆ ಕರೆದುಕೊಂಡು ಬನ್ನಿ ಎಂದು ಲಾಯರಮ್ಮ ಹೇಳಿದ್ದೇ ತಡ, ಎಣ್ಣೆಡಬ್ಬಿ ಅರ್ಧ ಬೀದಿಯನ್ನೇ ಹಿಂದೆ ಹಾಕಿಕೊಂಡು ಹೊರಟುಬಿಟ್ಟ.

ಅವನ ಕಸುಬು ಹೊಲಿಗೆ ಮಿಷನ್ ರಿಪೇರಿ. ಮದುವೆಮನೆಗೆ ಹೋದರೂ ಜೇಬಿನಲ್ಲಿ ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿ ಇರಲೇಬೇಕು. ಯಾರ ಮನೆಯ ಬಾಗಿಲು ಕಿರ್ರೆಂದರೂ ಒಂದು ತೊಟ್ಟು ಬಿಟ್ಟೇ ಒಳಗೆ ಕಾಲಿಡುವವನು. ಹಾಗಾಗಿ ಆ ಹೆಸರು ಬಂತು. ಹೆತ್ತವರಿಟ್ಟ ಹೆಸರು ಎಲ್ಲಿ ಹೋಯಿತೋ, ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕಾಗಿತ್ತು.

ಅವನು ಹೊರಡುವ ಹೊತ್ತಿಗೆ ಹೆಂಡತಿ ಕಿಟಕಿಯ ಪಕ್ಕ ಮಿಷನ್ ಮುಂದೆ ಕೂತು ಯಾವುದೋ ಮಗುವಿನ ಫ್ರಾಕಿಗೆ ಕುತ್ತಿಗೆಯ ಅಂಚು ಹೊಲಿಯುತ್ತಿದ್ದಳು. ದುಂಡಗಿನ ಅಂಚು. ಬಟ್ಟೆಯನ್ನು ಒಳಮಡಿಚಿ, ಮಡಿಚಿದ್ದನ್ನು ಹಿಡಿದು, ಹಿಡಿದದ್ದನ್ನು ತಿರುಗಿಸುತ್ತಾ ಹೋಗಬೇಕು. ಅವಳ ಎಡಗೈ ಬೆರಳುಗಳು ಹಿಂದೆ ಮಣಿಕಟ್ಟು ಮುರಿದಾಗಿನಿಂದ ಮರಗಟ್ಟಿದ್ದವು. ನಾಲ್ಕು ಹೊಲಿಗೆ ಹಾಕುವುದು, ನಿಲ್ಲಿಸುವುದು, ಬಲಗೈಯಿಂದ ಎಡಗೈಯನ್ನು ಎತ್ತಿ ಮುಂದಕ್ಕಿಡುವುದು, ಮತ್ತೆ ನಾಲ್ಕು ಹೊಲಿಗೆ. ಅವಳ ಮೊಳಕೈ ಪಕ್ಕದಲ್ಲೇ, ಕಿಟಕಿಯ ಕಟ್ಟೆಯ ಮೇಲೆ, ಅವನು ಅವಳಿಗೆಂದೇ ಮಾಡಿಕೊಟ್ಟ ಮಿಷನ್ ಪಾದ ಬಿದ್ದಿತ್ತು. ಅದನ್ನು ಹಾಕಿಕೊಂಡಿದ್ದರೆ ಈ ಪಾಡಿರಲಿಲ್ಲ.

"ಇವತ್ತು ಕಾನೂನು ನನ್ನ ಕಡೆ ಅಂತ ಆದರೆ ಆಗಲಾದರೂ ಹಾಕ್ಕೋತೀಯೇನೇ?" ಅಂದ.

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಹೋಗಿ ಬನ್ನಿ. ಅವರೆಲ್ಲ ಹೊರಗೆ ಕಾಯ್ತಿದ್ದಾರೆ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಆ ಪಾದ ಕಟ್ಟೆಯಿಂದ ಇಳಿದು ಮಿಷನ್ನಿಗೆ ಹೋಗಬೇಕು.

ಪಾದ ಅಂದರೆ ದೊಡ್ಡ ಸಾಮಾನೇನಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ಅದುಮಿ ಹಿಡಿಯುವ ಉಕ್ಕಿನ ತುಂಡು, ಹೆಬ್ಬೆರಳಿನಷ್ಟೂ ಇಲ್ಲ. ಎಲ್ಲ ಮಿಷನ್ನಿಗೂ ಇರುತ್ತದೆ. ಆದರೆ ಹೆಂಡತಿಯ ಕೈ ಮುರಿದ ವರ್ಷ ಎಣ್ಣೆಡಬ್ಬಿ ಅದರ ಪಕ್ಕಕ್ಕೆ ಒಂದು ಪುಟಾಣಿ ಚಕ್ರ ಕೂರಿಸಿದ, ಮುಂದಕ್ಕೆ ಸ್ಪ್ರಿಂಗಿನ ತುಟಿ ಕೂರಿಸಿದ. ತುಟಿ ಅಂಚನ್ನು ತಾನೇ ಒಳಮಡಿಚುತ್ತಿತ್ತು, ಚಕ್ರ ಬಟ್ಟೆಯನ್ನು ತಾನೇ ಬಳಸಿಕೊಂಡು ಹೋಗುತ್ತಿತ್ತು. ಒಂದೇ ಕೈ ಸಾಕು. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಗೆ ಹೊಲಿಯಬಹುದು. ಪಾದದ ಎರಡು ಬೆರಳುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇದ್ದದ್ದರಿಂದ ಟೈಲರುಗಳು ಅದಕ್ಕೆ ಕುಂಟಪಾದ ಎಂದು ಹೆಸರಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಮಾತ್ರ ಯಾವತ್ತೂ ಕುಂಟಪಾದ ಅನ್ನಲಿಲ್ಲ, ನಮ್ಮ ಪಾದ ಎಂದೇ ಅನ್ನುತ್ತಿದ್ದ.

ಅವನ ಅಂಗಡಿಯ ಬಾಗಿಲ ಪಕ್ಕದ ಹಲಗೆಯಲ್ಲಿ ಒಂದು ಮೊಳೆ ಇತ್ತು. ಕೆಲಸ ಕಲಿಸಿದ ಗುರುವಿನ ಅಂಗಡಿಯಲ್ಲೂ ಅಂಥದ್ದೇ ಇತ್ತಂತೆ. ಹೊಸದಾಗಿ ಏನು ಮಾಡಿದರೂ ಮೊದಲು ಅದನ್ನು ತಂತಿಯಲ್ಲಿ ಪೋಣಿಸಿ ಆ ಮೊಳೆಗೆ ನೇತುಹಾಕಬೇಕು. ಯಾರು ಬೇಕಾದರೂ ಕಿತ್ತುಕೊಂಡು ಹೋಗಿ, ಬಳಸಿ, ತಂದು ಮತ್ತೆ ಅಲ್ಲೇ ಹಾಕಿ, ಕೆಟ್ಟದ್ದಿದ್ದರೆ ಬಾಯಿ ತುಂಬ ಬಯ್ದು ಹೋಗಬೇಕು. 'ಹತ್ತು ಕೈ ತಿರುಗದ ಸಾಮಾನು ಸಾಮಾನೇ ಅಲ್ಲ' ಎನ್ನುವುದು ಗುರುವಿನ ಮಾತು. ಮೊಳೆಯಿಂದ ಇಳಿದ ಮೇಲೆಯೇ ಅದಕ್ಕೆ ಬೆಲೆ.

ಕುಂಟಪಾದವನ್ನು ಮೊಳೆಗೆ ಹಾಕುವ ಹಿಂದಿನ ದಿನ ಭಾಮೈದ ಬಂದಿದ್ದ. ಹೆಂಡತಿಯ ಒಬ್ಬನೇ ತಮ್ಮ. ಕೋರ್ಟಿನ ಗೋಡೆಯ ನೆರಳಿನಲ್ಲಿ ಮೇಜು ಹಾಕಿಕೊಂಡು ಜನರ ಅರ್ಜಿ, ಕರಾರುಗಳನ್ನು ಟೈಪ್ ಮಾಡಿಕೊಡುವವನು. ಅವನ ಟೈಪ್ ಮಿಷನ್ನಿಗೆ ಎಣ್ಣೆ ಬಿಡುವುದೂ ಭಾವನ ಕೆಲಸವೇ. ಪಾದವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಜೇಬಿನಿಂದ ಕಾಗದ ತೆಗೆದು, ನಾಲಿಗೆ ಕಚ್ಚಿಕೊಂಡು, ಅದರ ಚಿತ್ರವನ್ನೂ ಬರೆದುಕೊಂಡ.

"ಭಾವ, ಇದನ್ನ ಈಗಲೇ ಮೊಳೆಗೆ ಹಾಕಬೇಡ. ಮೊದಲು ಪೇಟೆಂಟ್ ಕಚೇರಿಗೆ ಅರ್ಜಿ ಹಾಕೋಣ. ನಾನೇ ಟೈಪ್ ಮಾಡ್ತೀನಿ."

"ಟೈಪ್ ಮಾಡಿ? ಉಪ್ಪು ಹಚ್ಚಿ ನೆಕ್ಕಬೇಕಾ?"

"ತಮಾಷೆ ಬೇಡ ಭಾವ. ಅರ್ಜಿ ಒಳಗೆ ಹೋಗಲಿ, ಆಮೇಲೆ ಮೊಳೆಗಾದರೂ ಹಾಕು, ಮೂಗಿಗಾದರೂ ಹಾಕ್ಕೋ."

"ನೋಡೇ ನಿನ್ನ ತಮ್ಮನ್ನ! ಎಲ್ಲದಕ್ಕೂ ಬೀಗ ಬೇಕು ಇವನಿಗೆ. ನಾಳೆ ಉಸಿರಿಗೂ ಬೀಗ ಹಾಕ್ತಾನೆ" ಎಂದು ಎಣ್ಣೆಡಬ್ಬಿ ನಕ್ಕ. ಭಾಮೈದನೂ ನಕ್ಕ. ಊಟವಾದ ಮೇಲೆ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಪಾತ್ರೆಯ ತಳ ಕೆರೆದು ತಿಂದು ಅಕ್ಕನ ಕೈಲಿ ಬಯ್ಯಿಸಿಕೊಂಡು ಹೋದ. ಅದು ಅವನ ಚಿಕ್ಕಂದಿನ ಚಟ.

ಮಾರನೆಯ ಬೆಳಿಗ್ಗೆ ಪಾದ ಮೊಳೆಗೆ ಏರಿತು.

ಎಲ್ಲರೂ ಬಳಸಿದರು, ಎಲ್ಲರೂ ಬಯ್ದರು. ಚಕ್ರ ಹೊರಗಿದ್ದರೆ ಬಟ್ಟೆ ಎಳೆಯುತ್ತದೆ, ಒಳಗೆ ತಾ ಎಂದು ಕಾಲರ್ ಟೈಲರ್ ಹೇಳಿದ. ಶರ್ಟಿನ ಕಾಲರಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಸ್ವಂತ ಕಾಲರ್ ಮಾತ್ರ ಸದಾ ಹರಿದಿರುತ್ತಿತ್ತು. ದಪ್ಪ ದಾರ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕಾಜಾ ಹಾಕಿ ಗುಂಡಿ ಹೊಲಿಯುವ ಗುಂಡಿ ಅಜ್ಜಿ ಹೇಳಿದಳು. ಎಣ್ಣೆಡಬ್ಬಿ ಚಕ್ರವನ್ನು ಒಳಗೆ ತಂದ. ಅಜ್ಜಿಯ ದಾರಕ್ಕೆ ದಾರಿಯಾಗಲಿ ಎಂದು ಮೂಲೆಯಲ್ಲಿ ಅರದಿಂದ ಸಣ್ಣ ಕಚ್ಚು ತೆಗೆದ. ಅರ ಹಿಡಿದರೆ ಅವನ ಕೈ ಎಡಕ್ಕೆ ವಾಲುತ್ತಿತ್ತು, ಗುರು ಎಷ್ಟು ಬಯ್ದರೂ ಹೋಗದ ಚಾಳಿ. ಕಚ್ಚೂ ಎಡಕ್ಕೆ ವಾಲಿತು. ಕೆಲಸಕ್ಕೇನೂ ಅಡ್ಡಿಯಿರಲಿಲ್ಲ, ಹಾಗೇ ಬಿಟ್ಟ.

ಕೆಲವು ವರ್ಷ ಕಳೆದವು. ಬೀದಿಯಲ್ಲಿ ಕುಂಟಪಾದವಿಲ್ಲದ ಮಿಷನ್ ಇರಲಿಲ್ಲ. ಒಂದು ದಿನ ಸ್ಪೇರ್ ಪಾರ್ಟ್ಸ್ ಅಂಗಡಿಯವನು ಬಂದು, "ಯಜಮಾನ್ರೇ, ನಿಮ್ಮ ಮಗುಗೆ ಬೇರೆ ಅಪ್ಪ ಹುಟ್ಟಿದಾನೆ" ಎಂದು ಒಂದು ಡಬ್ಬಿ ತೋರಿಸಿದ. ದೊಡ್ಡ ಕಂಪನಿಯ ಡಬ್ಬಿ. ಮೇಲೆ ಬಣ್ಣದಲ್ಲಿ ಪಾದದ ಚಿತ್ರ.

ಎಣ್ಣೆಡಬ್ಬಿ ಚಿತ್ರ ನೋಡಿದ. ಡಬ್ಬಿ ತೆರೆಯಲಿಲ್ಲ. ಯಾವ ಮಿಷನ್ ಬಂದರೂ ಬಿಚ್ಚಿ ನೋಡದೆ ಮಾತಾಡದವನು ಅವತ್ತು ಆ ಡಬ್ಬಿಯನ್ನು ಬೆರಳಿನಲ್ಲೂ ಮುಟ್ಟಲಿಲ್ಲ. ಚಿತ್ರ ನೋಡಿದ ಕೂಡಲೇ ಇನ್ನೊಂದು ಚಿತ್ರ ಕಣ್ಣಿಗೆ ಕಟ್ಟಿತ್ತು: ನಾಲಿಗೆ ಕಚ್ಚಿಕೊಂಡು ಭಾಮೈದ ಬರೆದುಕೊಂಡ ಚಿತ್ರ.

ಆ ವಾರ ಭಾಮೈದ ಊಟಕ್ಕೆ ಕೂತಿದ್ದಾಗ ಕೇಳಿಯೇ ಬಿಟ್ಟ.

"ಆ ಚಿತ್ರ ಎಷ್ಟಕ್ಕೆ ಕೊಟ್ಟೆಯೋ?"

"ಯಾವ ಚಿತ್ರ ಭಾವ?"

"ಏನೂ ಗೊತ್ತಿಲ್ಲದ ಹಾಗೆ ಕೇಳ್ತಾನೆ ನೋಡು. ಅರ್ಜಿ ಹಾಕ್ತೀನಿ, ಟೈಪ್ ಮಾಡ್ತೀನಿ ಅಂತ ಬರ್ಕೊಂಡು ಹೋದೆಯಲ್ಲ. ಹಾಕಿದೆ ಬಿಡು, ಬೇರೆಯವರ ಹೆಸರಲ್ಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಭಾಮೈದ ಹೆಗಲು ಮುಟ್ಟಿಕೊಳ್ಳಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

"ಭಾವ, ಬೀದಿಯಲ್ಲಿ ನೇತುಹಾಕಿದ್ದನ್ನ ಮಾರೋಕೆ ನಾನ್ಯಾಕೆ ಬೇಕು?" ಅಂದ. ಎದ್ದು ಕೈ ತೊಳೆದ. ಅಕ್ಕನ ಮುಖ ನೋಡಿದ. ಅವಳು ಗಂಡನ ಮುಖ ನೋಡುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಆ ಹೊಸಲು ತುಳಿಯಲಿಲ್ಲ.

ಅವಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಎಣ್ಣೆಡಬ್ಬಿಗೆ ಎಷ್ಟೋ ಸಲ ಅನಿಸಿದ್ದುಂಟು. ತಮ್ಮನ ತಟ್ಟೆಯನ್ನು ತೆಗೆದಿಟ್ಟು, ಮಿಷನ್ ಮುಂದೆ ಕೂತು, ಸ್ಕ್ರೂ ಬಿಚ್ಚಿ, ಕುಂಟಪಾದವನ್ನು ಕಿಟಕಿಯ ಕಟ್ಟೆಗಿಟ್ಟಳು. ಹಳೆಯ ಮಾಮೂಲಿ ಪಾದ ಹಾಕಿಕೊಂಡಳು. ಆವತ್ತಿನಿಂದ ನಾಲ್ಕು ಹೊಲಿಗೆ, ನಿಲ್ಲಿಸುವುದು, ಕೈ ಎತ್ತಿಡುವುದು. ಧೂಳು ಒರೆಸುವಾಗ ಪಾದವನ್ನೂ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದಳು.

ಎಣ್ಣೆಡಬ್ಬಿ ಕೋರ್ಟಿನ ಮುಂದಿನ ರಸ್ತೆ ಬಿಟ್ಟು ಹಿಂದಿನ ಗಲ್ಲಿಯಲ್ಲಿ ಓಡಾಡತೊಡಗಿದ.

ಹೀಗೇ ಇರುತ್ತಿತ್ತೋ ಏನೋ. ಆದರೆ ಕಂಪನಿಯವರು ಒಂದು ದಿನ ಕಾರಿನಲ್ಲಿ ಬಂದು, ಈ ಪಾದದ ಹಕ್ಕು ನಮ್ಮದು, ಪೇಟೆಂಟ್ ಆಗಿದೆ, ಬೇರೆ ಯಾರು ಮಾಡಿದರೂ ಮಾರಿದರೂ ಕೇಸು ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯವನನ್ನು ಬೆದರಿಸಿ ಹೋದರು. ಅವನು ಬೆವರು ಒರೆಸಿಕೊಳ್ಳುತ್ತಾ ಎಣ್ಣೆಡಬ್ಬಿಯ ಬಳಿ ಬಂದ. ಎಣ್ಣೆಡಬ್ಬಿ ಎದ್ದು ನಿಂತ. ಇಷ್ಟು ವರ್ಷ ನುಂಗಿಕೊಂಡಿದ್ದಕ್ಕೆಲ್ಲ ಈಗ ಒಂದು ಬಾಗಿಲು ತೆರೆದ ಹಾಗಾಯಿತು. ಪಾದ ನನ್ನದು ಎಂದು ಕಾನೂನು ಹೇಳಲಿ. ಹೇಳಿದ ಮೇಲೆ ಕದ್ದವನು ಕದ್ದವನೇ, ನಾನು ಆಡಿದ ಮಾತು ಸರಿಯಾದ ಮಾತೇ. ಆಗ ಅವಳು ಯಾವ ಹಟದ ಮೇಲೆ ಆ ಪಾದವನ್ನು ಕಟ್ಟೆಯ ಮೇಲಿಡುತ್ತಾಳೆ?

ಈ ಲೆಕ್ಕಾಚಾರ ಹೊತ್ತುಕೊಂಡೇ ಅವನು ಸಾಕ್ಷಿಗಳ ಮೆರವಣಿಗೆ ಹೊರಡಿಸಿದ್ದು.

ಲಾಯರಮ್ಮನ ಕೋಣೆ ಸಣ್ಣದು. ಇದ್ದ ಎರಡು ಕುರ್ಚಿಯಲ್ಲಿ ಒಂದರಲ್ಲಿ ಗುಂಡಿ ಅಜ್ಜಿ ಕೂತಳು, ಇನ್ನೊಂದರಲ್ಲಿ ಅವಳ ಚೀಲ ಕೂತಿತು. ಉಳಿದವರು ಗೋಡೆಗೆ ಅಂಟಿ ನಿಂತರು. ಲಾಯರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೆತ್ತಗೆ.

"ಈ ಪಾದ ನಿಮ್ಮದೇ ಅಂತ ಇವರಿಗೆಲ್ಲ ಗೊತ್ತಾ?"

"ಇವರಿಗೆ ಮಾತ್ರ ಅಲ್ಲಮ್ಮ. ಜಾಗ ಇದ್ದಿದ್ದರೆ ಇನ್ನೂ ಅಷ್ಟು ಜನ ಬರ್ತಿದ್ದರು."

"ಮೊದಲು ನೋಡಿದ್ದು ಯಾವಾಗ?" ಎಂದು ಕಾಲರ್ ಟೈಲರನ್ನು ಕೇಳಿದಳು.

"ಎಲ್ಲರಿಗಿಂತ ಮೊದಲು ನೋಡಿದವನು ನಾನೇ ಕಣಮ್ಮ. ಕಂಪನಿ ಅನ್ನೋದು ಕಣ್ಣು ಬಿಡೋಕೆ ಮುಂಚೆ. ಮೊಳೆಯಿಂದ ತಗೊಂಡು ಹೋಗಿ ಒಂದು ಇಡೀ ಸೀಸನ್ ಹೊಲಿದೀನಿ."

"ಏ, ಬಾಯಿ ಮುಚ್ಚೋ ಹರಕಲು ಕಾಲರ್!" ಗುಂಡಿ ಅಜ್ಜಿ ಕುರ್ಚಿಯಲ್ಲೇ ತಿರುಗಿದಳು. "ಮೊಳೆಯಿಂದ ಮೊದಲು ಇಳಿಸಿದವಳು ನಾನು. ನಾನು ಬೇಡ ಅಂತ ಬಿಟ್ಟ ಮೇಲೆ ನಿನ್ನ ಕೈಗೆ ಬಂದದ್ದು."

"ಅಜ್ಜಿಗೆ ಆಗಲೇ ಕಣ್ಣು ಕಾಣ್ತಿರಲಿಲ್ಲ ಬಿಡಿ."

"ನಿನ್ನ ಹೊಲಿಗೆ ನೋಡೋಕೆ ಕಣ್ಣು ಬೇಕಾಗಿಲ್ಲ, ಸವರಿದರೆ ಸಾಕು!"

ಉಳಿದವರೂ ಸುಮ್ಮನಿರಲಿಲ್ಲ. ಒಬ್ಬ ತಾನು ಅದನ್ನು ಪಕ್ಕದ ಊರಿನ ತಂಗಿಗೆ ಕಳಿಸಿದ್ದೆ ಅಂದ. ಇನ್ನೊಬ್ಬ ತಾನು ನೋಡಿಕೊಂಡು ಅದರಂತೆಯೇ ಒಂದು ಮಾಡಿದ್ದೆ, ಎಣ್ಣೆಡಬ್ಬಿಯೇ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಅಂದ. ತಾನು ಮೊದಲು, ತಾನು ಇನ್ನೂ ಮೊದಲು ಎಂದು ಒಬ್ಬರನ್ನೊಬ್ಬರು ಹಿಂದಕ್ಕೆ ತಳ್ಳಿಕೊಂಡು ಹೋದರು. ಎಣ್ಣೆಡಬ್ಬಿ ಎದೆಯುಬ್ಬಿಸಿ ನಿಂತಿದ್ದ. ಸಾಕ್ಷಿ ಅಂದರೆ ಹೀಗಿರಬೇಕು.

ಲಾಯರಮ್ಮ ಪೆನ್ನು ಕೆಳಗಿಟ್ಟಳು.

"ಯಜಮಾನ್ರೇ, ಅರ್ಜಿ ಅಂತ ನೀವೇನಾದರೂ ಹಾಕಿದ್ದಿರಾ? ಇದೆಲ್ಲಕ್ಕಿಂತ ಮುಂಚೆ?"

"ಇಲ್ಲಮ್ಮ. ಮೊಳೆಗೆ ಹಾಕಿದೆ."

"ಹಾಗಾದರೆ ಇದು ನಿಮ್ಮದು ಅಂತ ಆಗೋಲ್ಲ."

ಗುಂಡಿ ಅಜ್ಜಿ, "ಇಷ್ಟು ಜನ ಹೇಳಿದರೂನಾ?" ಅಂದಳು.

"ಇಷ್ಟು ಜನ ಹೇಳಿದ್ದಕ್ಕೇ ಅಜ್ಜಿ." ಲಾಯರಮ್ಮ ಎಣ್ಣೆಡಬ್ಬಿಯ ಕಡೆ ತಿರುಗಿದಳು. "ನೋಡಿ. ಒಬ್ಬರು ಹಾಡು ಕಟ್ಟಿ ಬರೆದಿಟ್ಟರು ಅನ್ನಿ. ಬರೆದ ಗಳಿಗೆಯಿಂದ ಅದು ಅವರದು, ಊರೆಲ್ಲ ಹಾಡಿದರೂ ಅವರದೇ. ಅಂಗಡಿಯ ಹೆಸರು, ಗುರುತು ಇದೆಯಲ್ಲ, ಅದನ್ನ ಜನ ಎಷ್ಟು ನೋಡ್ತಾರೋ ಅಷ್ಟು ಗಟ್ಟಿ. ಆದರೆ ಯಂತ್ರದ ಉಪಾಯದ ಜಾತಿಯೇ ಬೇರೆ. ಅಲ್ಲಿ ಸರ್ಕಾರ ಒಂದು ಕೊಡುಕೊಳ್ಳೋ ಮಾತಾಡುತ್ತೆ. ಲೋಕಕ್ಕೆ ಗೊತ್ತಿಲ್ಲದ ಉಪಾಯ ಇದ್ದರೆ ಮೊದಲು ನನ್ನ ಹತ್ತಿರ ಬಿಚ್ಚಿ ಹೇಳು, ನಾನು ಅದನ್ನ ಎಲ್ಲರಿಗೂ ತಿಳಿಸ್ತೀನಿ, ಬದಲಿಗೆ ಕೆಲವು ವರ್ಷ ನಿನ್ನ ಬಿಟ್ಟು ಯಾರೂ ಮಾಡದ ಹಾಗೆ ಕಾವಲಿರ್ತೀನಿ ಅಂತ. ನೀವು ಆಗಲೇ ಲೋಕಕ್ಕೆಲ್ಲ ಕೊಟ್ಟುಬಿಟ್ಟಿದ್ದೀರಿ. ಇನ್ನು ಸರ್ಕಾರಕ್ಕೆ ಹೇಳೋಕೆ ಏನು ಉಳೀತು?"

"ಗುಟ್ಟಾಗಿ ಇಟ್ಟುಕೊಂಡಿದ್ದರೆ?"

"ಅದೂ ಒಂದು ದಾರಿ. ಗುಟ್ಟು ಇರೋವರೆಗೆ ನಿಮ್ಮದು. ಆದರೆ ನೀವು ಅದನ್ನೂ ಮಾಡಲಿಲ್ಲವಲ್ಲ."

"ಹತ್ತು ಕೈ ತಿರುಗದೆ ಅದು ಸಾಮಾನು ಆಗೋದು ಹೇಗಮ್ಮ?" ಎಂದು ಕೇಳಿದ. ವಾದಕ್ಕೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ತಿರುಗಬೇಕು, ಸರಿಯೇ. ಅರ್ಜಿ ಮೊದಲು, ಕೈ ಆಮೇಲೆ. ಇಲ್ಲ, ನಂಬಿಕೆಯ ಒಬ್ಬಿಬ್ಬರ ಹತ್ತಿರ, ಯಾರಿಗೂ ಹೇಳಬಾರದು ಅಂತ ಮಾತು ತಗೊಂಡು ತೋರಿಸಬೇಕಿತ್ತು. ಆಗ ಯಾರೂ ನಿಮಗೆ ಇದನ್ನ ಹೇಳಲಿಲ್ಲವಾ?"

ಹೇಳಿದ್ದ ಒಬ್ಬ. ಮೂಗಿಗಾದರೂ ಹಾಕ್ಕೋ ಎಂದೂ ಹೇಳಿದ್ದ.

"ಕೇಳಿ, ಕಂಪನಿಯವರ ಹಕ್ಕೂ ನಿಲ್ಲೋಲ್ಲ. ಅವರು ಅರ್ಜಿ ಹಾಕೋ ಹೊತ್ತಿಗೆ ಬೀದಿಗೆಲ್ಲ ಗೊತ್ತಿದ್ದ ಸಾಮಾನು ಇದು. ಇವರ ಮಾತನ್ನೇ ಮುಂದಿಟ್ಟು ಅವರ ಹಕ್ಕು ರದ್ದು ಮಾಡಿ ಅಂತ ಕೇಳಬಹುದು. ಅವರದನ್ನ ಕೀಳಬಹುದು, ನಿಮ್ಮದನ್ನ ನೆಡೋಕಾಗಲ್ಲ. ಆಮೇಲೆ ಯಾರು ಬೇಕಾದರೂ ಮಾಡಿಕೊಳ್ಳಲಿ." ಅವಳು ಮೇಜಿನ ಖಾನೆಯಿಂದ ಕಂಪನಿಯ ಡಬ್ಬಿ ತೆಗೆದಳು. "ಅಂಗಡಿಯವರು ತಂದುಕೊಟ್ಟರು. ಎರಡೂ ಒಂದೇ ಅಂತ ನೀವೇ ನೋಡಿ ಹೇಳಬೇಕು. ನನಗೆ ಎರಡೂ ಕಬ್ಬಿಣವೇ."

ಡಬ್ಬಿ ಬಿಚ್ಚಿ ಪಾದವನ್ನು ಅವನ ಅಂಗೈಗೆ ಹಾಕಿದಳು. ಇಷ್ಟು ವರ್ಷದಲ್ಲಿ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು.

ಹೊಳೆಯುತ್ತಿತ್ತು. ತನ್ನದಕ್ಕಿಂತ ನುಣುಪು. ಅಭ್ಯಾಸಬಲದಿಂದ ಬೆರಳು ತಾನೇ ಸವರಿಕೊಂಡು ಹೋಯಿತು. ಚಕ್ರ ಒಳಗಡೆ ಇತ್ತು. ಬೆರಳು ಮೂಲೆಗೆ ಬಂದು ನಿಂತಿತು. ಅಲ್ಲಿ ಒಂದು ಕಚ್ಚು ಇತ್ತು. ಗುಂಡಿ ಅಜ್ಜಿಯ ದಾರದ ಕಚ್ಚು. ಅದು ಎಡಕ್ಕೆ ವಾಲಿತ್ತು.

ಹಾಗೆ ವಾಲಿದ್ದಕ್ಕೆ ಅರ್ಥವಿರಲಿಲ್ಲ. ಅದು ಅವನ ಕೈಯ ಚಾಳಿ. ಏನೋ ಮರ್ಮವಿರಬೇಕು ಎಂದುಕೊಂಡು ಕಂಪನಿಯವರು ಆ ಚಾಳಿಯನ್ನೂ ಅಚ್ಚು ಹಾಕಿದ್ದರು. ಅಂದರೆ ಅವರ ಮುಂದೆ ಇದ್ದದ್ದು ಮೊಳೆಯಿಂದ ಇಳಿದ ಪಾದವೇ, ಚಿತ್ರವಲ್ಲ. ಭಾಮೈದ ಚಿತ್ರ ಬರೆದುಕೊಂಡ ದಿನ ಚಕ್ರ ಹೊರಗಿತ್ತು. ಕಚ್ಚು ಹುಟ್ಟಿರಲೇ ಇಲ್ಲ.

ಒಂದು ಸಲ, ಆವತ್ತು, ಡಬ್ಬಿ ತೆರೆದು ಬೆರಳಾಡಿಸಿದ್ದರೆ ಸಾಕಾಗಿತ್ತು.

"ಕಂಪನಿಗೆ ಇದನ್ನ ಹೊತ್ತುಕೊಂಡು ಹೋದವನು ಆ ಬ್ಯಾಗಿನವನೇ ಇರಬೇಕು" ಎಂದಳು ಗುಂಡಿ ಅಜ್ಜಿ ಇದ್ದಕ್ಕಿದ್ದಂತೆ.

"ಯಾವ ಬ್ಯಾಗಿನವನು?"

"ಚರ್ಮದ ಬ್ಯಾಗು ಇಟ್ಕೊಂಡು ಒಬ್ಬ ಬಂದಿದ್ದನಲ್ಲಪ್ಪ. ನಿನ್ನ ಬೆಂಚಿನ ಮೇಲೆ ಕೂತು ಅದ್ಯಾಕೆ, ಇದ್ಯಾಕೆ ಅಂತ ಕೇಳ್ತಾನೇ ಇದ್ದ. ನನ್ನ ಮಿಷನ್ ಬಿಚ್ಚಿ ಹಾಕಿ, ನನ್ನ ಕಾಯಿಸಿ, ಅವನಿಗೆ ಪಾಠ ಹೇಳ್ತಿದ್ದೆ ನೀನು. ಟೀ ಬೇರೆ. ಹೋಗುವಾಗ ಒಂದು ಪಾದ ಸುಮ್ಮನೆ ಕೊಟ್ಟೆ. ನನಗೆ ಮೈಯೆಲ್ಲ ಉರಿದಿತ್ತು."

ನೆನಪಾಯಿತು. ಹೇಗೆ ಮರೆತಿದ್ದ? ಸ್ಪ್ರಿಂಗಿಗೆ ಇಷ್ಟೇ ಬಿಗಿ ಯಾಕೆ, ಚಕ್ರದ ಹಲ್ಲು ಇಷ್ಟೇ ಆಳ ಯಾಕೆ ಎಂದು ಹುಟ್ಟಿದಾಗಿನಿಂದ ಅವನನ್ನು ಅಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ. ಆ ಮಧ್ಯಾಹ್ನ ಅವನು ಹಿಗ್ಗಿ ಹೀರೇಕಾಯಿ ಆಗಿದ್ದ. ಮನೆಗೆ ಬಂದು ಹೆಂಡತಿಗೆ, ಇವತ್ತು ಒಬ್ಬ ತಿಳಿದವನು ಬಂದಿದ್ದ ಕಣೇ ಎಂದು ಹೇಳಿಕೊಂಡಿದ್ದ. ಬ್ಯಾಗಿನವನೋ, ಇನ್ನೊಬ್ಬನೋ, ಯಾರಾದರೇನು. ಬಾಗಿಲು ತೆರೆದಿಟ್ಟು, ಕೂರಿಸಿ, ಟೀ ಕೊಟ್ಟು, ಕೊನೆಗೆ ಊಟಕ್ಕೆ ಕೂತ ಮನೆಯವನನ್ನು ಕಳ್ಳ ಅಂದಿದ್ದ.

"ಎರಡೂ ಒಂದೇ" ಎಂದು ಹೇಳಿ ಪಾದವನ್ನು ಮೇಜಿನ ಮೇಲಿಟ್ಟ.

"ಹಾಗಾದರೆ ಎಲ್ಲರ ಹೇಳಿಕೆ ಟೈಪ್ ಆಗಬೇಕು. ಹೊರಗೆ ಗೋಡೆಯ ಹತ್ತಿರ ಟೈಪ್ ಮಾಡುವವರಿದ್ದಾರೆ. ಕೊನೆಯ ಮೇಜಿನವರ ಹತ್ತಿರ ಮಾಡಿಸಿ, ತಪ್ಪು ಹೊಡೆಯೋಲ್ಲ" ಎಂದಳು ಲಾಯರಮ್ಮ. ಕೊನೆಯ ಮೇಜು ಯಾರದು ಎಂದು ಅವಳಿಗೇನು ಗೊತ್ತು.

ಭಾಮೈದನ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದ. ಜನರನ್ನು ನೋಡಿದ, ಭಾವನನ್ನೂ ನೋಡಿದ. ಹಾಳೆ ಏರಿಸಿದ.

"ಒಬ್ಬೊಬ್ಬರಾಗಿ ಹೇಳಿ."

ಕಾಲರ್ ಟೈಲರ್ ಹೇಳಿದ, ಗುಂಡಿ ಅಜ್ಜಿ ಹೇಳಿದಳು, ಉಳಿದವರು ಹೇಳಿದರು. ಎಲ್ಲದರಲ್ಲೂ ಅದೇ ಮಾತು: ಮೊಳೆಗೆ ನೇತುಹಾಕಿತ್ತು, ಎಲ್ಲರೂ ನೋಡಿದ್ದರು. ಭಾಮೈದ ಯಾವುದಕ್ಕೂ ಹುಬ್ಬೇರಿಸದೆ ಹೊಡೆಯುತ್ತಾ ಹೋದ. ಅವನ ಮಿಷನ್ ಒಣಗಿತ್ತು. ಸಾಲು ಮುಗಿದಾಗಲೆಲ್ಲ ಗಾಲಿ ಕಿರುಚುತ್ತಿತ್ತು. ಎಣ್ಣೆಡಬ್ಬಿಯ ಕೈ ಜೇಬಿಗೆ ಹೋಯಿತು.

"ಒಂದು ತೊಟ್ಟು ಬಿಡಲೇನೋ?"

"ಈಗ ಬೇಡ ಭಾವ. ಹಾಳೆಗೆ ಕಲೆ ಆಗುತ್ತೆ."

'ಭಾವ' ಎಂದೇ ಕರೆದ. ಕೋಪದಲ್ಲಿ ಅಂದಿದ್ದರೂ ಎಣ್ಣೆಡಬ್ಬಿ ತಡೆದುಕೊಳ್ಳುತ್ತಿದ್ದ. ಏನೂ ಆಗಿಲ್ಲವೆಂಬಂತೆ, ಹಿಂದೆ ಅನ್ನುತ್ತಿದ್ದ ಹಾಗೇ ಅಂದುಬಿಟ್ಟ. ಉಳಿದವರು ಹೊರಟುಹೋದರು. ಕೊನೆಗೆ ಎಣ್ಣೆಡಬ್ಬಿಯ ಸರದಿ ಬಂತು.

"ನಾನು ಈ ಪಾದವನ್ನು ಮಾಡಿದೆನು" ಎಂದು ಶುರುಮಾಡಿದ. ಕೀಲಿಗಳು ಬಡಿದವು. "ಅರ್ಜಿ ಹಾಕುವುದಕ್ಕೆ ಮೊದಲು ಯಾರಿಗೂ ತೋರಿಸಬೇಡ ಎಂದು ನನ್ನ ಭಾಮೈದ ಹೇಳಿದನು. ನಾನು ಕೇಳಲಿಲ್ಲ."

ಕೀಲಿಗಳು ನಿಂತವು. "ಅದು ಬೇಕಾಗಿಲ್ಲ. ಮುಂದೆ?"

"ಹೊಡಿ."

"ಭಾವ, ಇದು ಕಚೇರಿಗೆ ಹೋಗೋ ಕಾಗದ. ಎಲ್ಲಿ, ಯಾವಾಗ, ಯಾರಿಗೆ ತೋರಿಸಿದೆ, ಅಷ್ಟೇ."

"ನನ್ನ ಹೇಳಿಕೆ ತಾನೇ? ಹೊಡಿ. ಅವನು ಕದ್ದನೆಂದು ನಾನು ಹೇಳಿದೆನು. ಅವನು ಕದ್ದಿಲ್ಲ."

ಭಾಮೈದ ಹಾಳೆಯನ್ನು ಒಂದು ಸಾಲು ಮೇಲಕ್ಕೆ ಸರಿಸಿದ. ಆಮೇಲೆ ಹೊಡೆದ. ಹೊಡೆದದ್ದನ್ನು ಓದಿ ಹೇಳಿದ, ಬೇರೆ ಎಲ್ಲ ಗಿರಾಕಿಗಳಿಗೂ ಓದಿ ಹೇಳುವ ದನಿಯಲ್ಲೇ. "ಅವನು ಕದ್ದಿಲ್ಲ. ಸರಿಯಾ?"

"ಸರಿ."

"ಲಾಯರಮ್ಮ ಈ ಸಾಲು ಹೊಡೆದು ಹಾಕ್ತಾರೆ ನೋಡ್ತಿರು."

ಹಾಗೇ ಆಯಿತು. ಅವಳು ಓದಿ, ಎಣ್ಣೆಡಬ್ಬಿಯ ಮುಖ ನೋಡಿ, ಆ ಸಾಲಿನ ಮೇಲೆ ಮೆಲ್ಲಗೆ ಗೆರೆ ಎಳೆದಳು.

ಕಚೇರಿಯ ಕೆಲಸ ಆಮೆ ನಡಿಗೆ. ಆದರೂ ಆಯಿತು. ಕಂಪನಿಯ ಹಕ್ಕು ರದ್ದಾಯಿತು. ಬೀದಿ ಕುಣಿಯಿತು, ತಾನೇ ಕಂಪನಿಗೆ ಮಣ್ಣು ಮುಕ್ಕಿಸಿದೆ ಎಂದು ಕಾಲರ್ ಟೈಲರ್ ಹೊಸ ಶರ್ಟು ಹೊಲಿದುಕೊಂಡ. ಕುಂಟಪಾದವನ್ನು ಈಗ ಯಾರು ಯಾರೋ ಮಾಡುತ್ತಾರೆ, ಯಾವ ಯಾವುದೋ ಹೆಸರಿನಲ್ಲಿ ಮಾರುತ್ತಾರೆ. ಎಲ್ಲದರಲ್ಲೂ ಕಚ್ಚು ಎಡಕ್ಕೇ ವಾಲಿರುತ್ತದೆ.

ಸುದ್ದಿ ಬಂದ ದಿನ ಎಣ್ಣೆಡಬ್ಬಿ ಹೆಂಡತಿಗೆ ಎಲ್ಲ ಹೇಳಿದ. ಕಚ್ಚಿನ ವಿಷಯ, ಗೆರೆ ಎಳೆಸಿಕೊಂಡ ಸಾಲಿನ ವಿಷಯ. ಅವಳು ಕೇಳಿಸಿಕೊಂಡು, "ಅವತ್ತು ಅನ್ನ ತಟ್ಟೆಯಲ್ಲೇ ಬಿಟ್ಟು ಹೋದ. ಬಂದು ಉಂಡು ಹೋಗಲಿ" ಎಂದಳು, ಅಷ್ಟೇ.

ಭಾಮೈದ ಬಂದ. ಹೇಳಿ ಕಳಿಸಿದ ದಿನವೇ, ಒಗೆದ ಬಟ್ಟೆ ಹಾಕಿಕೊಂಡು ಬಂದ. ಬಡಿಸಿದ್ದನ್ನು ಉಂಡ. ಅಡುಗೆ ಚೆನ್ನಾಗಿದೆ ಅಕ್ಕ ಎಂದು ಹೊಗಳಿದ. ಹಿಂದೆ ಒಂದು ದಿನವೂ 'ಉಪ್ಪಿಲ್ಲ, ಖಾರವಿಲ್ಲ' ಎನ್ನದೆ ಎದ್ದವನಲ್ಲ. ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಕೈ ತೊಳೆದ. ಅಡುಗೆಮನೆಯ ಕಡೆ ತಿರುಗಲಿಲ್ಲ. ಪಾತ್ರೆಯ ತಳದಲ್ಲಿ ಅವಳು ಉಳಿಸಿಟ್ಟಿದ್ದದ್ದು ಹಾಗೇ ಉಳಿಯಿತು. "ಬರ್ತೀನಿ ಭಾವ, ನೀವೂ ಆ ಕಡೆ ಬಂದಾಗ ಬನ್ನಿ" ಎಂದು ಹೇಳಿ ಹೋದ. ಮೊದಲೆಲ್ಲ ಏಕವಚನವಿತ್ತು.

ಅವಳು ಬಾಗಿಲಲ್ಲಿ ನಿಂತು ನೋಡಿ ಬಂದಳು. "ನೆಂಟನ ಹಾಗೆ ಬಂದು ಹೋದ" ಅಂದಳು. ತಟ್ಟೆ ತೆಗೆದಳು. ಮಿಷನ್ ಮುಂದೆ ಕೂತು ಕಿಟಕಿಯ ಕಟ್ಟೆಯಿಂದ ಕುಂಟಪಾದವನ್ನು ಎತ್ತಿಕೊಂಡು ಜಾಗಕ್ಕೆ ಕೂರಿಸಿದಳು. ಸ್ಕ್ರೂ ತಿರುಗಿಸಲು ಹೋದಳು, ಬೆರಳು ಹಿಡಿತಕ್ಕೆ ಬರಲಿಲ್ಲ.

"ಬಿಗಿ ಮಾಡಿಕೊಡಿ" ಅಂದಳು.

ಅವನು ಬಿಗಿ ಮಾಡಿದ. ಚಕ್ರಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟ. ಅವಳು ಯಾವುದೋ ಮಗುವಿನ ಬಟ್ಟೆಯ ದುಂಡಂಚನ್ನು ಸೂಜಿಯ ಕೆಳಗಿಟ್ಟು ತುಳಿದಳು. ತುಟಿ ಅಂಚನ್ನು ಮಡಿಚಿತು, ಚಕ್ರ ಬಟ್ಟೆಯನ್ನು ಬಳಸಿತು, ಹೊಲಿಗೆ ಎಲ್ಲೂ ನಿಲ್ಲದೆ ಸುತ್ತಿಕೊಂಡು ಹೋಯಿತು. ಅವನು ಅವಳ ಎಡಗೈಯನ್ನೇ ನೋಡುತ್ತಿದ್ದ. ಅದು ತೊಡೆಗೆ ಇಳಿಯಲಿಲ್ಲ. ಮರಗಟ್ಟಿದ ಬೆರಳುಗಳು ಬಟ್ಟೆಯ ಪಕ್ಕದಲ್ಲೇ ನಿಂತು, ನಾಲ್ಕು ಹೊಲಿಗೆಗೊಮ್ಮೆ ಹಿಡಿಯಲು ಮುಂದೆ ಬರುತ್ತಿದ್ದವು, ಹಿಡಿಯಲು ಏನೂ ಇಲ್ಲದೆ ಹಿಂದೆ ಹೋಗುತ್ತಿದ್ದವು.

"ಕೈ ಕೆಳಗಿಡೇ, ಬೇಕಾಗಿಲ್ಲ" ಅಂದ.

"ಗೊತ್ತು" ಅಂದಳು. ಆದರೂ ಕೈ ಅಲ್ಲೇ ಇತ್ತು.